ಡಿಪ್ಪರ್ ಹೊಡೆದವರೆಲ್ಲ ನಮಸ್ಕಾರ ಮಾಡಿದವರಲ್ಲ

ಗಿರಾಕಿ ಗಾಡಿಯಿಂದ ಇಳಿಯುತ್ತಲೇ "ಲೈಟ್ ಕಮ್ಮಿ ಆಗಿದೆ" ಎಂದು ರಾಗ ಎಳೆದರೆ ನೀವು ಸ್ಕ್ರೂಡ್ರೈವರ್ ಹುಡುಕಬೇಡಿ, ಒದ್ದೆ ಬಟ್ಟೆ ಹುಡುಕಿ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದು. ಇದನ್ನು ನನಗೆ ಕಲಿಸಿದ್ದು ಯಾವ ಗುರುವೂ ಅಲ್ಲ, ದಸರಾ ಹಬ್ಬ.

ನಾನಿದ್ದ ಡೊಂಬಿವಲಿ ಕಡೆಯ ನಮ್ಮ ಕನ್ನಡದವರ ಗಾಡಿಗಳಿಗೆ, ಅದರಲ್ಲೂ ಹೋಟೆಲಿನವರ ಗಾಡಿಗಳಿಗೆ, ಆಯುಧ ಪೂಜೆಯ ದಿನ ಅರಿಶಿನ, ಕುಂಕುಮ, ಗಂಧ ಧಾರಾಳವಾಗಿ ಬೀಳುತ್ತದೆ. ಬಾನೆಟ್ಟಿಗೆ ಬೀಳಲಿ, ಚಕ್ರಕ್ಕೆ ಬೀಳಲಿ, ನನ್ನದೇನೂ ತಕರಾರಿಲ್ಲ. ಆದರೆ ಹೆಡ್‌ಲೈಟ್ ಎಂದರೆ ಗಾಡಿಯ ಕಣ್ಣಲ್ಲವೇ, ಅದಕ್ಕೆ ಇನ್ನೂ ಒಂದು ಹಿಡಿ ಹೆಚ್ಚೇ ಭಕ್ತಿಯಿಂದ ಬಳಿಯುತ್ತಾರೆ. ಗಂಧ ಒಣಗಿ ಗಾಜಿಗೆ ಕಚ್ಚಿಕೊಳ್ಳುತ್ತದೆ. ಪೂಜೆಯದ್ದನ್ನು ಒರೆಸುವುದು ಹೇಗೆ ಎಂದು ಹಾಗೆಯೇ ಓಡಿಸುತ್ತಾರೆ. ದೀಪಾವಳಿ ಬರುವ ಹೊತ್ತಿಗೆ ನಮ್ಮ ಗ್ಯಾರೇಜಿನ ಮುಂದೆ ಸಾಲು ನಿಲ್ಲುತ್ತಿತ್ತು, ಎಲ್ಲರದ್ದೂ ಒಂದೇ ದೂರು, ಲೈಟ್ ಕಮ್ಮಿ. ನಾನು ಒದ್ದೆ ಬಟ್ಟೆ ಹಿಡಿದು ಹತ್ತಿರ ಹೋದರೆ ಮಾಲಕರ ಮುಖ ಸಣ್ಣದಾಗುತ್ತಿತ್ತು. ಆಗ ನಾನು, "ದೇವ್ರು ಒಳಗ ಬಲ್ಬಿನ್ಯಾಗ ಹೋಗಿ ಕುಂತಾನ್ರಿ, ಬಾಗಿಲಾ ತೆಗೀತೀನಿ ಅಷ್ಟ" ಎಂದು ಹೇಳಿ ಒರೆಸಿಬಿಡುತ್ತಿದ್ದೆ. ಮಾಲಕರು ನಗುತ್ತಿದ್ದರು, ಬೆಳಕೂ ಬರುತ್ತಿತ್ತು.

ನನ್ನ ಹೆಸರು ಬಸಣ್ಣ. ಊರು ಗದಗಿನ ಕಡೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಡೊಂಬಿವಲಿಗೆ ಬಂದು, ಸ್ಟೇಶನ್ನಿನಿಂದ ಶೇರಿಂಗ್ ರಿಕ್ಷಾದಲ್ಲಿ ಹೋಗುವಷ್ಟು ದೂರದ ಒಂದು ಗ್ಯಾರೇಜಿನಲ್ಲಿ ಆಟೊ ಎಲೆಕ್ಟ್ರಿಶಿಯನ್ ಆಗಿ ಸೇರಿದೆ. ಮೀಸೆ ಬೆಳ್ಳಗಾದ ಮೇಲೆ ಅದೇ ಗ್ಯಾರೇಜಿನಿಂದ ಹೊರಬಿದ್ದೆ. ಬಡ್ತಿಯ ವಿಷಯ ಕೇಳಬೇಡಿ. ಗ್ಯಾರೇಜಿನಲ್ಲಿ ಬಡ್ತಿ ಎಂದರೆ, ಮೊದಲು ಗಾಡಿಯ ಕೆಳಗೆ ಮಲಗುತ್ತಿದ್ದವನು ಆಮೇಲೆ ಬಾನೆಟ್ಟಿನ ಮೇಲೆ ಬಾಗುತ್ತಾನೆ, ಅಷ್ಟೇ. ಬೆನ್ನು ನೋಯುವ ಜಾಗ ಬದಲಾಗುತ್ತದೆ.

ನನಗೆ ಕೆಲಸ ಕಲಿಸಿದವರು ಗಣಪತ್ ಮಿಸ್ತ್ರಿ. ಕಲ್ಯಾಣದ ಮರಾಠಿ ಮನುಷ್ಯ, ಬಾಯಿಯಲ್ಲಿ ಸದಾ ಸುಪಾರಿ, ಮೂಗಿನ ತುದಿಯಲ್ಲಿ ಸದಾ ಕೋಪ. ನಾನು ಸೇರಿದ ಹೊಸತರಲ್ಲಿ ಒಂದು ಗಾಡಿಯ ದೀಪದ ಸ್ಕ್ರೂ ತಿರುಗಿಸಿ, ಬೆಳಕು ದೂರದ ಬಿಲ್ಡಿಂಗಿನ ಎರಡನೇ ಮಾಳಿಗೆಗೆ ಬೀಳುವಂತೆ ಮಾಡಿ, ಎಷ್ಟು ದೂರ ಹೋಗುತ್ತದೆ ನೋಡಿ ಎಂದು ಹೆಮ್ಮೆಯಿಂದ ನಿಂತಿದ್ದೆ. ಆ ಮಾಳಿಗೆಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ನಮಗೆ ಬೈದಳು. ಮಿಸ್ತ್ರಿ ಅವಳಿಗಿಂತ ಜೋರಾಗಿ ಬೈದರು. "ಉಜೇಡ್ ರಸ್ತ್ಯಾಸಾಠಿ ಆಹೆ, ಚಂದ್ರಾಸಾಠಿ ನಾಹಿ!" ಬೆಳಕು ಇರುವುದು ರಸ್ತೆಗೆ, ಚಂದ್ರನಿಗಲ್ಲ. ಹೆಡ್‌ಲೈಟಿನ ಇಡೀ ವಿದ್ಯೆ ಆ ಒಂದು ಮಾತಿನಲ್ಲಿತ್ತು. ಉಳಿದದ್ದೆಲ್ಲ ಸ್ಕ್ರೂ ತಿರುಗಿಸುವ ಕೆಲಸ.

ನಮಗೆ ಯಂತ್ರ ಗಿಂತ್ರ ಇರಲಿಲ್ಲ. ಗ್ಯಾರೇಜಿನ ಎದುರು ಒಂದು ಹೌಸಿಂಗ್ ಸೊಸೈಟಿಯ ಕಂಪೌಂಡ್ ಗೋಡೆ ಇತ್ತು, ಅದೇ ನಮ್ಮ ಯಂತ್ರ. ಗಾಡಿಯನ್ನು ಮಟ್ಟ ಜಾಗದಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸುವುದು, ಟಯರಿನ ಗಾಳಿ ನೋಡುವುದು, ದೀಪದ ಎತ್ತರವನ್ನು ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಗುರುತು ಮಾಡುವುದು. ಡಿಮ್ ಮಾಡಿದಾಗ ಬೆಳಕಿನ ಮೇಲಂಚು ಆ ಗೆರೆಗಿಂತ ಸ್ವಲ್ಪ ಕೆಳಗೇ ನಿಲ್ಲಬೇಕು, ಎಡಗಡೆ ಮಾತ್ರ ಸ್ವಲ್ಪ ಏರಬೇಕು. ನಾವು ಎಡಕ್ಕೆ ಓಡಿಸುವವರು, ಪಕ್ಕದಲ್ಲಿ ನಡೆಯುವ ಮನುಷ್ಯ ಕಾಣಬೇಕು, ಎದುರಿನಿಂದ ಬರುವವನ ಕಣ್ಣು ಉಳಿಯಬೇಕು. ಸೊಸೈಟಿಯವರು ಗೋಡೆಗೆ ಬಣ್ಣ ಹೊಡೆದಾಗಲೆಲ್ಲ ನಮ್ಮ ಗೆರೆ ಹೋಗುತ್ತಿತ್ತು. ಹೊಸ ಗೆರೆ ಎಳೆಯಲು ಹೋದರೆ ವಾಚ್‌ಮನ್ ಅಟ್ಟಿಸಿಕೊಂಡು ಬರುತ್ತಿದ್ದ. ಆಮೇಲೆ ಅವನ ಸೈಕಲ್ಲಿನ ಡೈನಮೊ ರಿಪೇರಿ ಮಾಡಿಕೊಟ್ಟೆವು, ಗೋಡೆ ನಮ್ಮದಾಯಿತು.

ಯಾವನಾದರೂ ಗಿರಾಕಿ ಇನ್ನೂ ಜೋರಿನ ಬಲ್ಬ್ ಹಾಕಿ ಎಂದರೆ ಗಣಪತ್ ಮಿಸ್ತ್ರಿ ವಾದ ಮಾಡುತ್ತಿರಲಿಲ್ಲ. ಅವನನ್ನೇ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ಎದುರು ಗಾಡಿಯ ಡ್ರೈವರ್ ಕೂರುವ ಎತ್ತರಕ್ಕೆ ಬಗ್ಗಿಸಿ, ಅವನ ಗಾಡಿಯ ಬೆಳಕನ್ನು ಅವನ ಕಣ್ಣಿಗೇ ಬಿಡುತ್ತಿದ್ದರು. "ಆತಾ ಸಾಂಗಾ!" ಈಗ ಹೇಳಿ! ಗಿರಾಕಿ ಕಣ್ಣು ಉಜ್ಜಿಕೊಳ್ಳುತ್ತ ಹಳೆಯ ಬಲ್ಬೇ ಇರಲಿ ಎನ್ನುತ್ತಿದ್ದ. ಈ ಉಪಾಯವನ್ನು ನಾನು ಕೊನೆಯವರೆಗೂ ಬಿಡಲಿಲ್ಲ, ನೀವೂ ಬಿಡಬೇಡಿ.

ಆ ಕಾಲದಲ್ಲಿ ಎದುರಿನವರ ಕಣ್ಣಿಗೆ ಕುಕ್ಕದಿರಲಿ ಎಂದು ದೀಪದ ಮೇಲಿನ ಅರ್ಧ ಗಾಜಿಗೆ ಕಪ್ಪು ಬಣ್ಣ ಬಳಿಯುತ್ತಿದ್ದೆವು. ಆಮೇಲೆ ಹ್ಯಾಲೊಜನ್ ಬಂತು, ಗಾಜು ಹೋಗಿ ಪ್ಲಾಸ್ಟಿಕ್ ಬಂತು. ಈ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಗಟ್ಟುತ್ತದೆ. ನುಣ್ಣನೆಯ ಪಾಲಿಶ್ ಪೇಪರನ್ನು ನೀರು ಹಾಕಿ ಉಜ್ಜಿ, ಮೇಲೆ ಪಾಲಿಶ್ ಕೊಟ್ಟರೆ ಅರ್ಧ ಬೆಳಕು ಅಲ್ಲೇ ವಾಪಸ್ ಬರುತ್ತದೆ. ಒಮ್ಮೆ ಕೋಪರಖೈರಣೆಯಿಂದ ಮೈಸೂರಿನ ಕಡೆಯ ಒಬ್ಬ ತರುಣ ಗಾಡಿ ತಂದಿದ್ದ. ಎರಡೂ ದೀಪದ ಮೇಲೆ ಗೀರುಗಳ ಜಾಲ. ಏನಾಯಿತು ಎಂದು ಕೇಳಿದರೆ ನಾಚಿಕೊಂಡ. ಊರಿನಿಂದ ಬಂದಿದ್ದ ಅವನ ತಾಯಿ, "ದೀಪ ಇಷ್ಟು ಮಬ್ಬಾಗೋವರ್ಗೂ ಬಿಟ್ಟಿದ್ದೀಯಲ್ಲೋ" ಎಂದು ಹುಣಸೆಹಣ್ಣು ಹಾಕಿ ತೆಂಗಿನ ನಾರಿನಿಂದ ತಿಕ್ಕಿದ್ದರಂತೆ, ದೇವರ ಮನೆಯ ಹಿತ್ತಾಳೆ ದೀಪ ತಿಕ್ಕಿದಂತೆ. ನನಗೆ ಆ ತಾಯಿಯ ಮೇಲೆ ಬಹಳ ಪ್ರೀತಿ ಬಂತು. ದೀಪವನ್ನು ದೀಪ ಎಂದು ನೋಡಿದವರು ಅವರೊಬ್ಬರೇ.

ಇನ್ನು ವನಜಕ್ಕನ ವಿಷಯ. ಇದನ್ನು ಹೇಳಲಿಕ್ಕೆಂದೇ ನಾನು ಇಷ್ಟೆಲ್ಲ ಬರೆದದ್ದು.

ವನಜಕ್ಕ ಮತ್ತು ಅವರ ಗಂಡ ಶೀನಣ್ಣ ಉಡುಪಿ ಕಡೆಯವರು, ಮನೆಯಲ್ಲಿ ತುಳು. ಬಹಳ ವರ್ಷ ಹೋಟೆಲು ನಡೆಸಿ, ಆಮೇಲೆ ಅದನ್ನು ಬಿಟ್ಟು ಅಂಬರನಾಥದಲ್ಲಿ ಒಂದು ಗಾಳಾ, ಅಂದರೆ ಶಟರಿನ ಮಳಿಗೆ, ಬಾಡಿಗೆಗೆ ಹಿಡಿದು ಇಡ್ಲಿ ದೋಸೆ ಹಿಟ್ಟು ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದರು. ಗ್ರೈಂಡರ್ ಶೀನಣ್ಣನದ್ದು, ಗಾಡಿ ವನಜಕ್ಕನದ್ದು. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕ್ಲಾಸಿಗೆ ಹೋಗಿ ಕಲಿತು, ಒಂದು ಸೆಕೆಂಡ್‌ಹ್ಯಾಂಡ್ ಕಾರು ಕೊಂಡು, ಹಿಂದಿನ ಸೀಟು ಮಡಚಿ ಸ್ಟೀಲ್ ಡಬ್ಬಗಳನ್ನು ಇಟ್ಟುಕೊಂಡು, ದಿನಾ ಸಂಜೆ ಹೊತ್ತು ಮುಳುಗುವಾಗ ಹೊರಡುತ್ತಿದ್ದರು. ಕಟಾಯಿ ನಾಕಾ, ಶಿಲ್‌ಫಾಟಾ ದಾಟಿ ಕೋಪರಖೈರಣೆ, ಅಲ್ಲಿಂದ ಕಾಮೋಠೆ, ಊಟದ ಹೊತ್ತಿಗೆ ವಾಪಸ್.

ಮೊದಲು ಬಂದದ್ದು ಶೀನಣ್ಣ ಒಬ್ಬರೇ, ಒಂದು ಮಧ್ಯಾಹ್ನ. ಗಾಡಿಯ ಬಂಪರ್ ಮುರಿದಿತ್ತು. ವನಜಕ್ಕ ಶಿಲ್‌ಫಾಟಾದ ಹತ್ತಿರ ಡಿವೈಡರಿಗೆ ತಾಗಿಸಿದ್ದರು. ಪೆಟ್ಟೇನೂ ಆಗಿರಲಿಲ್ಲ, ಹಿಟ್ಟು ಮಾತ್ರ ಸೀಟಿಗೆಲ್ಲ ಅಭಿಷೇಕವಾಗಿತ್ತು.

"ಅವಳಿಗೆ ಕತ್ತಲೆಯಲ್ಲಿ ರಸ್ತೆಯೇ ಕಾಣುದಿಲ್ಲ ಅಂತೆ ಬಸಣ್ಣ. ಲೈಟ್ ಒಮ್ಮೆ ನೋಡಿ. ಸರಿ ಇದ್ರೆ ಅವಳ ಡ್ರೈವಿಂಗೇ ಸರಿ ಇಲ್ಲ ಅಂತ ಲೆಕ್ಕ. ಗಾಡಿ ಕೊಟ್ಟುಬಿಡ್ತೇನೆ, ಒಬ್ಬ ಟೆಂಪೊದವ ಕೇಳ್ತಾ ಇದ್ದಾನೆ."

ಗ್ಯಾರೇಜಿನ ಶಟರ್ ಅರ್ಧ ಇಳಿಸಿ, ಗೋಡೆಯ ನೆರಳಿನ ಭಾಗಕ್ಕೆ ಗಾಡಿಯನ್ನು ಮುಖ ಮಾಡಿ ನಿಲ್ಲಿಸಿ ದೀಪ ಹಾಕಿದೆ. ಬೆಳಕಿನ ಅಂಚು ಗೆರೆಗೆ ಎಷ್ಟು ಕೆಳಗಿರಬೇಕೋ ಅಷ್ಟೇ ಕೆಳಗಿತ್ತು. ಅರ್ಥಿಂಗ್ ತಂತಿ ಸರಿಯಿತ್ತು, ಪ್ಲಾಸ್ಟಿಕ್ ಸ್ವಚ್ಛವಿತ್ತು. "ಲೈಟ್ ಭೇಷ್ ಅದಾವ್ರಿ" ಎಂದು ಹೇಳಿ ಕಳಿಸಿದೆ. ಒಬ್ಬ ಹೆಂಗಸಿನ ಚಾವಿ ಕಸಿಯುವ ಮಾತನ್ನು ಅಷ್ಟು ಸಲೀಸಾಗಿ ಆಡಿಬಿಟ್ಟೆ ಎಂದು ನನಗೆ ಆಗ ಹೊಳೆಯಲಿಲ್ಲ.

ಮುಂದಿನ ವಾರ ಇಬ್ಬರೂ ಒಟ್ಟಿಗೆ ಬಂದರು. ಗಾಡಿ ಓಡಿಸಿಕೊಂಡು ಬಂದದ್ದು ಶೀನಣ್ಣ. ವನಜಕ್ಕ ಪಕ್ಕದ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಮಧ್ಯೆ ಶೀನಣ್ಣ ಕರುಣೆ ತೋರಿಸಿ, ಯಾವುದೋ ಅಂಗಡಿಯಿಂದ ಹಾಲಿನಂತೆ ಬೆಳ್ಳಗಿನ ಜೋರು ಬಲ್ಬ್ ಹಾಕಿಸಿದ್ದರಂತೆ. ಮಾರನೆಯ ದಿನವೇ ಒಬ್ಬ ಟ್ರಕ್ಕಿನವನು ಗಾಡಿ ನಿಲ್ಲಿಸಿ ಇಳಿದು ಬಂದು ವನಜಕ್ಕನಿಗೆ ಬೈದಿದ್ದ. ಅವತ್ತಿಗೆ ಶೀನಣ್ಣ ಚಾವಿ ತೆಗೆದು ತನ್ನ ಉಡಿದಾರಕ್ಕೆ ಕಟ್ಟಿಕೊಂಡುಬಿಟ್ಟರು.

ವನಜಕ್ಕ ಇಳಿದವರೇ ನನ್ನ ಮೇಲೆ ಹರಿಹಾಯ್ದರು. "ಅಲ್ಲ ಬಸಣ್ಣ, ಲೈಟ್ ಸರಿ ಉಂಟು ಅಂತ ನೀವು ಹೇಳಿದ್ದಂತೆ? ನೀವೇ ಒಂದು ದಿನ ಕತ್ತಲೆಯಲ್ಲಿ ಗಾಡಿ ಓಡಿಸಿ ನೋಡಿ. ಹೊಂಡ ಕಾಣುದಿಲ್ಲ, ಹಂಪ್ ಕಾಣುದಿಲ್ಲ, ಮರದ ತುದಿ ಮಾತ್ರ ಚಂದ ಕಾಣ್ತದೆ! ಆದ್ರೂ ನಾನು ಎಷ್ಟು ಮರ್ಯಾದೆಯಲ್ಲಿ ಹೋಗ್ತಿದ್ದೆ ಗೊತ್ತುಂಟಾ? ಎದುರಿನವರೆಲ್ಲ ನಮಸ್ಕಾರ ಮಾಡ್ತಿದ್ರು."

"ಏನ್ ನಮಸ್ಕಾರ್ರಿ ಅಕ್ಕಾರ?" ಎಂದು ಕೇಳಿದೆ.

"ಲೈಟಿನಲ್ಲಿ! ಫಳಕ್ ಫಳಕ್ ಅಂತ. ರಿಕ್ಷಾದವರು, ಬಸ್ಸಿನವರು, ಎಲ್ಲರೂ. ನಾನು ಎಣಿಸಿದ್ದು, ಈ ಪ್ರಾಯದಲ್ಲಿ ಹೆಂಗಸು ಗಾಡಿ ಬಿಡುದು ನೋಡಿ ಖುಷಿಯಾಗಿ ಮಾಡುದು ಅಂತ. ಕ್ಲಾಸಿನ ಸರ್ ಹೇಳಿಕೊಟ್ಟಿದ್ರು, ಯಾರಾದ್ರೂ ದಾರಿ ಬಿಟ್ರೆ ಲೈಟ್ ಮಿನುಗಿಸಿ ಥ್ಯಾಂಕ್ಸ್ ಹೇಳ್ಬೇಕು ಅಂತ. ಹಾಗೆ ನಾನೂ ಎಲ್ಲರಿಗೂ ವಾಪಸ್ ನಮಸ್ಕಾರ ಮಾಡ್ತಿದ್ದೆ."

ನಾನು ಗೋಡೆ ಹಿಡಿದುಕೊಂಡು ನಕ್ಕೆ, ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಈ ಕಡೆ ಅದನ್ನು ಡಿಪ್ಪರ್ ಹೊಡೆಯುವುದು ಎನ್ನುತ್ತಾರೆ. ಕಣ್ಣಿಗೆ ಬೆಳಕು ಬಿದ್ದವನು ಲಿವರ್ ಎಳೆದು ದೀಪ ಮಿನುಗಿಸಿದರೆ ಅದರ ಅರ್ಥ, ನಿನ್ನ ಲೈಟ್ ಇಳಿಸು ಮಾರಾಯ ಎಂದು. ಇವರು ಅದಕ್ಕೆ ಉತ್ತರವಾಗಿ ಇನ್ನೂ ಎತ್ತರದ ಬೆಳಕನ್ನು ಅವರ ಕಣ್ಣಿಗೆ ಬಿಟ್ಟು ವಂದಿಸುತ್ತಿದ್ದರು.

"ಅಕ್ಕಾರ, ಅವ್ರು ನಮಸ್ಕಾರ ಮಾಡಾಕತ್ತಿಲ್ರಿ, ಬೈಯಾಕತ್ತಾರ್ರಿ!"

"ಎಲ್ಲರೂ?" ಎಂದರು ವನಜಕ್ಕ. "ಎಲ್ಲರೂ" ಎಂದೆ. "ಆ ಕಾಮೋಠೆ ಕಂಪನಿ ಬಸ್ಸಿನ ಅಜ್ಜ ಕೂಡಾ?" ಅವರ ದನಿ ಕೇಳಿ ನನಗೆ ನಕ್ಕದ್ದೇ ತಪ್ಪಾಯಿತು ಅನ್ನಿಸಿತು.

ಶೀನಣ್ಣ ಮಾತ್ರ ಕಠಿಣವಾಗಿ ನಿಂತಿದ್ದರು. "ನೋಡಿ ಬಸಣ್ಣ, ನನಗೆ ಹಟ ಇಲ್ಲ, ಹೆದರಿಕೆ. ಡಿವೈಡರ್ ಆಯ್ತು, ನಾಳೆ ಮನುಷ್ಯ ಆದ್ರೆ? ಇನ್ನೊಂದು ಸಲ ಸರಿ ಮಾಡಿ. ಆಮೇಲೆ ಇವಳು ಒಂದು ಸಂಜೆ ಹೋಗಿ ಬರಲಿ. ದಾರಿಯಲ್ಲಿ ಒಬ್ಬನೇ ಒಬ್ಬ ಇವಳಿಗೆ ಡಿಪ್ಪರ್ ಹೊಡೆದ್ರೂ ಗಾಡಿ ಟೆಂಪೊದವನಿಗೆ."

ಶೀನಣ್ಣ ಚಹಾ ತರಲು ಹೋದಾಗ ವನಜಕ್ಕ ಮೆಲ್ಲಗೆ ಹೇಳಿದರು. "ಮೂವತ್ತು ವರ್ಷ ನಾನು ಹೋಟೆಲಿನ ಒಳಗೆ ಒಲೆ ಎದುರು ಇದ್ದೆ. ಸೂರ್ಯ ಮುಳುಗುದು ನಾನು ಸರಿ ನೋಡಿದ್ದೇ ಈಗ, ಈ ಗಾಡಿಯಲ್ಲಿ, ಕಟಾಯಿ ನಾಕಾದ ದಾರಿಯಲ್ಲಿ. ಗಾಡಿ ಹೋದ್ರೆ ಪುನಃ ಒಳಗೆ ಗ್ರೈಂಡರಿನ ಹತ್ತಿರ. ಹೇಗಾದ್ರೂ ಮಾಡಿ ಬಸಣ್ಣ."

ಗಾಡಿಯನ್ನು ಮತ್ತೆ ಗೋಡೆಗೆ ಮುಖ ಮಾಡಿ ನಿಲ್ಲಿಸಿ ನೋಡಿದೆ, ಅಂಚು ಗೆರೆಯ ಕೆಳಗೇ ಇತ್ತು, ಯೋಚನೆ ಮಾಡಿ ಹೇಳುತ್ತೇನೆ ಎಂದು ಅವರನ್ನು ಹಾಗೆಯೇ ಕಳಿಸಿದೆ. ಗೋಡೆಯ ಮೇಲೆ ಸರಿ ಇರುವ ಬೆಳಕು ರಸ್ತೆಯ ಮೇಲೆ ಮರದ ತುದಿಗೆ ಹೋಗುವುದು ಹೇಗೆ? ಮಾರನೆಯ ದಿನ ಸಂಜೆ ಲೋಕಲ್ ರೈಲು ಹತ್ತಿ ಅಂಬರನಾಥಕ್ಕೇ ಹೋದೆ. ಗಾಳಾದ ಬಾಗಿಲಲ್ಲಿ ಗಾಡಿ ನಿಂತಿತ್ತು, ಶೀನಣ್ಣ ಡಬ್ಬ ತುಂಬುತ್ತಿದ್ದರು. ಒಂದೊಂದು ಡಬ್ಬ ಒಳಗೆ ಹೋದಂತೆಯೂ ಗಾಡಿಯ ಹಿಂಭಾಗ ಕುಸಿಯುತ್ತ ಬಂತು. ಎಲ್ಲ ತುಂಬಿದ ಮೇಲೆ ನೋಡಿದರೆ ಹಿಂಗಾಲು ಮಡಚಿ ಕೂತ ಎಮ್ಮೆಯ ಹಾಗೆ ಮೂತಿ ಮೇಲೆತ್ತಿಕೊಂಡು ಕೂತಿತ್ತು. ನಾನು ಹಣೆ ಹಣೆ ಬಡಿದುಕೊಂಡೆ. ಗ್ಯಾರೇಜಿಗೆ ಬಂದದ್ದು ಖಾಲಿ ಗಾಡಿ, ರಸ್ತೆಗೆ ಹೋಗುವುದು ತುಂಬಿದ ಗಾಡಿ. ನಾನು ಸರಿ ಎಂದದ್ದು ಎಂದೂ ಓಡದ ಗಾಡಿಯ ದೀಪಕ್ಕೆ.

ನೆನಪಿಡಿ, ಗಾಡಿ ರಸ್ತೆಯಲ್ಲಿ ಹೇಗೆ ಓಡುತ್ತದೋ ಹಾಗೆಯೇ ಗೋಡೆಯ ಮುಂದೆ ನಿಲ್ಲಬೇಕು. ಹೆಂಡತಿ ಮಕ್ಕಳು ಕೂರುವ ಗಾಡಿಯಾದರೆ ಹೆಂಡತಿ ಮಕ್ಕಳನ್ನು ಕೂರಿಸಿಯೇ ದೀಪ ನೋಡಿ.

"ಡಬ್ಬಾ ಸಮೇತ ನಡೀರಿ ಡೊಂಬಿವಲಿಗೆ" ಎಂದೆ. ಅವತ್ತಿನ ಡೆಲಿವರಿ ತಡವಾಗುತ್ತದೆ ಎಂದು ಅಂಗಡಿಗಳಿಗೆ ಫೋನ್ ಹೋಯಿತು. ಶೀನಣ್ಣ ಗಾಡಿ ಓಡಿಸಿದರು, ವನಜಕ್ಕ ಪಕ್ಕದಲ್ಲಿ, ನಾನು ಹಿಂದೆ ಡಬ್ಬಗಳ ನಡುವೆ ಇನ್ನೊಂದು ಡಬ್ಬದಂತೆ. ಗೋಡೆಯ ಮುಂದೆ ನಿಲ್ಲಿಸಿ ದೀಪ ಹಾಕಿದರೆ ಬೆಳಕು ಗೋಡೆಯನ್ನೇ ಹಾರಿ ಸೊಸೈಟಿಯ ಬಾಲ್ಕನಿಗೆ ಹೋಯಿತು. "ನೋಡಿ, ನಾನು ಹೇಳಿದ್ದು!" ಎಂದು ವನಜಕ್ಕ ಗಂಡನನ್ನು ತಿವಿದರು.

ಮೊದಲು ಆ ಹಾಲು ಬಣ್ಣದ ಬಲ್ಬ್ ಕಿತ್ತು ಹಳೆಯದನ್ನೇ ಹಾಕಿದೆ. ಆಮೇಲೆ ಸ್ಕ್ರೂ ತಿರುಗಿಸಿ ಬೆಳಕನ್ನು ಗೆರೆಯ ಕೆಳಗೆ ಇಳಿಸುತ್ತ ಬಂದೆ. ಮೇ ತಿಂಗಳ ಸೆಕೆ. ನನಗೆ ಬೆಳಕಿನದ್ದೇ ಧ್ಯಾನ, ಹಿಟ್ಟಿಗೆ ಅದರದ್ದೇ ಧ್ಯಾನ. ಇದ್ದಕ್ಕಿದ್ದಂತೆ ಶೀನಣ್ಣ "ಉಕ್ಕಿತು! ಉಕ್ಕಿತು!" ಎಂದು ಕೂಗಿದರು. ಒಂದು ಡಬ್ಬದ ಮುಚ್ಚಳ ಟೋಪಿಯಂತೆ ಎದ್ದು, ಹಿಟ್ಟು ಬದಿಯಿಂದ ಇಳಿಯುತ್ತಿತ್ತು. ವನಜಕ್ಕ ಓಡಿಹೋಗಿ ಎರಡೂ ಕೈಯಿಂದ ಒತ್ತಿಹಿಡಿದರು.

ಶೀನಣ್ಣನಿಗೆ ಹೊಸ ಚಿಂತೆ ಹತ್ತಿತು. "ಬಸಣ್ಣ, ಹಿಟ್ಟು ಉಬ್ಬಿದ್ರೆ ಭಾರ ಜಾಸ್ತಿ ಆಗಿ ಲೈಟ್ ಪುನಃ ಮೇಲೆ ಹೋಗ್ಲಿಕ್ಕಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಡಿಕ್ಕಿಯ ಒಳಗಿನಿಂದ ವನಜಕ್ಕ ಉತ್ತರ ಕೊಟ್ಟರು. "ಉಬ್ಬಿದ್ರೆ ಭಾರ ಆಗುದಾದ್ರೆ ನಾನು ಅಕ್ಕಿ ಯಾಕೆ ಹಾಕ್ಬೇಕು ಮಾರಾಯ್ರೆ, ಗಾಳಿಯನ್ನೇ ಮಾರ್ತಿದ್ದೆ!"

ನಕ್ಕು ಮುಗಿದ ಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು. "ಹೋಗುವಾಗ ಡಬ್ಬ ತುಂಬಿರ್ತದೆ, ಸರಿ. ಬರುವಾಗ ಖಾಲಿ ಅಲ್ವಾ? ಆಗ ಎಂತ ಆಗ್ತದೆ?"

ಡಬ್ಬಗಳನ್ನೆಲ್ಲ ಇಳಿಸಿ ಗೋಡೆಯ ಬುಡದಲ್ಲಿ ಸಾಲಾಗಿ ಇಟ್ಟೆವು. ಗಾಡಿ ಹಗುರಾಗಿ ಹಿಂಭಾಗ ಎದ್ದಿತು, ಮೂತಿ ಇಳಿಯಿತು, ಬೆಳಕು ಬಂದು ಬಂಪರಿನ ಮುಂದೆಯೇ ನೆಲ ಕಚ್ಚಿತು. ನಾಲ್ಕು ಹೆಜ್ಜೆ ಆಚೆ ಬರೀ ಕತ್ತಲೆ. ಹೋಗುವಾಗ ಸರಿ ಮಾಡಿದರೆ ಬರುವಾಗ ಕೆಡುತ್ತದೆ, ಬರುವಾಗ ಸರಿ ಮಾಡಿದರೆ ಹೋಗುವಾಗ. ಶೀನಣ್ಣ ಚಾವಿ ಕಟ್ಟುವ ಉಡಿದಾರವನ್ನು ಮುಟ್ಟಿ ನೋಡಿಕೊಂಡರು. ವನಜಕ್ಕ ಹಿಟ್ಟಿನ ಕೈಯಲ್ಲೇ ನಿಂತಿದ್ದರು. ನನಗೆ ನಿಜಕ್ಕೂ ಸಂಕಟವಾಯಿತು.

ಯೋಚನೆ ಮಾಡಲೆಂದು ಡ್ರೈವರ್ ಸೀಟಿನಲ್ಲಿ ಹೋಗಿ ಕೂತೆ. ಸ್ಟೀರಿಂಗಿನ ಬಲಗಡೆ ಕೆಳಗೆ ಅಂಗೈ ಅಗಲದ ಒಂದು ದೇವಿಯ ಫೋಟೊ ಅಂಟಿಸಿತ್ತು, ಮೇಲೆ ಒಣಗಿದ ಕುಂಕುಮ, ಒಂದು ಚೂರು ಮಲ್ಲಿಗೆ. ಗಾಡಿ ಕೊಂಡ ದಿನ ಶೀನಣ್ಣ, ಬಲಗೈಯ ಹತ್ತಿರ ದೇವರಿದ್ದರೆ ಒಳ್ಳೆಯದು ಎಂದು ಅಂಟಿಸಿದ್ದರಂತೆ. ಮೊದಲ ಸಲವೂ ಆ ಫೋಟೊ ನೋಡಿದ್ದೆ, ಕೈಮುಗಿದು ಬಿಟ್ಟಿದ್ದೆ. ದೇವರ ಫೋಟೊ ಕೀಳುವ ಗೋಜಿಗೆ ಯಾವ ಮೆಕ್ಯಾನಿಕ್ಕೂ ಹೋಗುವುದಿಲ್ಲ. ಈಗ ಹತ್ತಿರದಿಂದ ನೋಡಿದರೆ ಫೋಟೊ ಸಪಾಟಾಗಿ ಕೂತಿರಲಿಲ್ಲ. ಒಳಗಿನಿಂದ ಏನೋ ಒತ್ತುತ್ತಿತ್ತು.

"ಅಕ್ಕಾರ, ಈ ದೇವಿ ಹಿಂದ ಏನೈತ್ರಿ?"

ಇಬ್ಬರಿಗೂ ಗೊತ್ತಿಲ್ಲ. ಸೆಕೆಂಡ್‌ಹ್ಯಾಂಡ್ ಗಾಡಿ, ಹೇಳಿಕೊಡುವವರು ಯಾರೂ ಇರಲಿಲ್ಲ. ಕೀಳಬೇಕು ಎಂದೆ. ಶೀನಣ್ಣ ಒಂದು ಹೆಜ್ಜೆ ಹಿಂದೆ ಸರಿದರು. ವನಜಕ್ಕ ನಲ್ಲಿಯಲ್ಲಿ ಕೈ ತೊಳೆದು ಬಂದು, ಕಣ್ಣು ಮುಚ್ಚಿ, "ಅಪ್ಪೆ, ತಪ್ಪಾಂಡ್" ಎಂದು ತುಳುವಿನಲ್ಲಿ ತಾಯಿಯ ಕ್ಷಮೆ ಕೇಳಿ ಉಗುರಿನಿಂದ ಫೋಟೊ ಎಬ್ಬಿಸಿದರು. ಅದರ ಹಿಂದೆ ಒಂದು ಸಣ್ಣ ಚಕ್ರ, ಮೇಲೆ ಸೊನ್ನೆಯಿಂದ ಮೂರರವರೆಗೆ ಅಂಕಿ.

ದೀಪ ಇಳಿಸಿ ಏರಿಸುವ ಚಕ್ರ! ಹೊಸ ಕಾಲದ ಗಾಡಿಗಳಲ್ಲಿ ಭಾರಕ್ಕೆ ತಕ್ಕಂತೆ ಬೆಳಕು ಬಗ್ಗಿಸಲೆಂದೇ ಇಟ್ಟಿರುತ್ತಾರೆ. ಕೆಲಸ ಮಾಡುತ್ತದೋ ಇಲ್ಲವೋ ಎಂದು ಹೆದರುತ್ತಲೇ ತಿರುಗಿಸಿದೆ. ಒಳಗೆಲ್ಲೋ ಗುಂಯ್ ಎಂದಿತು, ಗೋಡೆಯ ಮೇಲಿನ ಬೆಳಕು ಮೆಲ್ಲಗೆ ಕೆಳಗಿಳಿಯಿತು. ವಾಪಸ್ ತಿರುಗಿಸಿದೆ, ಮೇಲೇರಿತು. ನಾವು ಮೂವರೂ ಕಿರುಚಿದ ರೀತಿಗೆ ಸೊಸೈಟಿಯ ವಾಚ್‌ಮನ್ ಓಡಿಬಂದ. ಖಾಲಿ ಗಾಡಿಗೆ ಸೊನ್ನೆಯಲ್ಲಿ ಬೆಳಕು ಸರಿ ಬೀಳುವಂತೆ ಸ್ಕ್ರೂಗಳನ್ನು ಹಿಂದಿನ ಜಾಗಕ್ಕೆ ತಂದೆ. ಡಬ್ಬಗಳನ್ನು ಪುನಃ ತುಂಬಿಸಿ ಚಕ್ರವನ್ನು ಎರಡಕ್ಕೆ ತಂದರೆ ಬೆಳಕು ಗೆರೆಯ ಕೆಳಗೆ ಪಟ್ಟಾಗಿ ಕೂತಿತು.

"ಡಬ್ಬ ತುಂಬಿದ್ರೆ ಎರಡು, ಖಾಲಿ ಆದ್ರೆ ಸೊನ್ನೆ" ಎಂದು ವನಜಕ್ಕ ಬಾಯಿಪಾಠ ಮಾಡಿಕೊಂಡರು. ಫೋಟೊವನ್ನು ಒರೆಸಿ ಡ್ಯಾಶ್‌ಬೋರ್ಡಿನ ಮೇಲೆ, ನಟ್ಟನಡುವೆ ಇಟ್ಟರು. ನನ್ನ ಇಡೀ ವೃತ್ತಿಯಲ್ಲಿ ನಾನು ಕಣ್ಣಾರೆ ಕಂಡ ದೊಡ್ಡ ಬಡ್ತಿ ಅದು.

ಅವತ್ತಿನ ಡಬ್ಬಗಳನ್ನು ಶೀನಣ್ಣನೇ ಮುಟ್ಟಿಸಿ ಬಂದರು, ಪರೀಕ್ಷೆ ಮಾರನೆಯ ಸಂಜೆ. ನಾನು ಅಂಬರನಾಥಕ್ಕೆ ಹೋದಾಗ ಶೀನಣ್ಣ ಉಡಿದಾರದಿಂದ ಚಾವಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು. "ಒಬ್ಬ ಹೊಡೆದ್ರೂ..." ಎಂದು ಶುರುಮಾಡಿದರು. "ಗೊತ್ತುಂಟು" ಎಂದರು ವನಜಕ್ಕ. ನಾನು ಸಾಕ್ಷಿಯಾಗಿ ಪಕ್ಕದ ಸೀಟಿನಲ್ಲಿ ಕೂತೆ. ಹೊರಡುವ ಮುಂಚೆ ಶೀನಣ್ಣನಿಗೆ ನಮ್ಮ ಮಿಸ್ತ್ರಿಯ ಉಪಾಯ ಹೇಳಿದೆ. "ನಿಮಗ ನಂಬಿಕಿ ಬರಬೇಕಂದ್ರ ಎದುರಿಂದ ನೋಡ್ರಿ." ಅವರು ಗಾಳಾದ ಬದಿಯಲ್ಲಿ ನಿಲ್ಲಿಸಿದ್ದ ತಮ್ಮ ಸ್ಕೂಟರಿನ ಕಡೆ ನೋಡಿದರು.

ಚಕ್ರ ಎರಡರಲ್ಲಿ. ಕಟಾಯಿ ನಾಕಾ ದಾಟಿತು, ಯಾರೂ ಡಿಪ್ಪರ್ ಹೊಡೆಯಲಿಲ್ಲ. ಶಿಲ್‌ಫಾಟಾದ ಗದ್ದಲದಲ್ಲಿ ಟ್ರಕ್ಕುಗಳ ಸಾಲೇ ಎದುರು ಬಂತು, ಯಾರೂ ಹೊಡೆಯಲಿಲ್ಲ. ವನಜಕ್ಕ ಮೊದಲು ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದಿದ್ದರು, ಆಮೇಲೆ ಕೈ ಸಡಿಲವಾಯಿತು. "ಅಲ್ಲಿ ಹೊಂಡ, ನೋಡಿ, ಕಾಣ್ತದೆ! ಇಲ್ಲಿ ಹಂಪ್ ಉಂಟು, ಅದೂ ಕಾಣ್ತದೆ!" ಎಂದು ಹೊಂಡ ಹಂಪುಗಳನ್ನೆಲ್ಲ ನೆಂಟರಂತೆ ಪರಿಚಯ ಮಾಡಿಸುತ್ತ ಹೋದರು. ಕೋಪರಖೈರಣೆಯಲ್ಲಿ ಡಬ್ಬ ಇಳಿಯಿತು, ಚಕ್ರ ಒಂದಕ್ಕೆ ಬಂತು. ಕಾಮೋಠೆಯಲ್ಲಿ ಉಳಿದದ್ದೂ ಇಳಿಯಿತು, ಚಕ್ರ ಸೊನ್ನೆಗೆ. ವಾಪಸ್ ಬರುವಾಗಲೂ ದಾರಿಯುದ್ದಕ್ಕೂ ಒಬ್ಬನೂ ಮಿನುಗಿಸಲಿಲ್ಲ.

ಕಟಾಯಿ ನಾಕಾದ ಹತ್ತಿರ ವನಜಕ್ಕ ನಿಟ್ಟುಸಿರು ಬಿಟ್ಟರು. "ಸಂತೋಷವೇ ಬಸಣ್ಣ. ಆದ್ರೆ ಒಂಥರಾ ಬೋರು ಮಾರಾಯ್ರೆ. ಯಾರೂ ನಮಸ್ಕಾರವೇ ಮಾಡುದಿಲ್ಲ ಅಲ್ಲ."

ಅಂಬರನಾಥದ ರಸ್ತೆಗೆ ತಿರುಗಿದೆವು. ಗಾಳಾ ಇನ್ನೇನು ಬಂತು ಎನ್ನುವಾಗ ಎದುರಿನಿಂದ ಒಂದು ಸ್ಕೂಟರ್ ಬಂತು. ಹತ್ತಿರ ಬರುತ್ತಲೇ ಅದರ ದೀಪ ಮಿನುಗಿತು, ಫಳಕ್, ಫಳಕ್. ವನಜಕ್ಕ ಬ್ರೇಕ್ ಒತ್ತಿ ಗಾಡಿಯನ್ನು ಬದಿಗೆ ನಿಲ್ಲಿಸಿದರು. "ಹೋಯ್ತು ಬಸಣ್ಣ. ಹೊಡೆದ ಒಬ್ಬ. ಇಷ್ಟು ದೂರ ಬಂದು... ಹೋಯ್ತು ನನ್ನ ಗಾಡಿ." ನಾನು ಚಕ್ರ ನೋಡಿದೆ. ಸೊನ್ನೆಯಲ್ಲೇ ಇತ್ತು.

ಸ್ಕೂಟರ್ ನಮ್ಮ ಕಿಟಕಿಯ ಪಕ್ಕಕ್ಕೆ ಬಂದು ನಿಂತಿತು. ಸವಾರ ಹೆಲ್ಮೆಟ್ ತೆಗೆದ. ಶೀನಣ್ಣ! ಮುಖದ ತುಂಬ ನಗು.

"ಎಂತ ಮಾರಾಯ್ತಿ, ಎದುರಿಂದ ನೋಡ್ಲಿಕ್ಕೆ ಬಂದದ್ದು ನಾನು. ಕಣ್ಣಿಗೆ ಒಂಚೂರು ಕುಕ್ಕಲಿಲ್ಲ. ಅದಕ್ಕೆ ನಮಸ್ಕಾರ ಮಾಡಿದೆ. ನೀನು ವಾಪಸ್ ಮಾಡ್ಲೇ ಇಲ್ಲ ಅಲ್ಲ!"

ವನಜಕ್ಕ ಕಣ್ಣು ಒರೆಸಿಕೊಂಡರು, ಲಿವರ್ ಎಳೆದರು. ಖಾಲಿ ರಸ್ತೆಯ ಮೇಲೆ ಬೆಳಕು ಮರದ ತುದಿಯವರೆಗೂ ಎದ್ದು ಎದ್ದು ಬಿತ್ತು. ಆ ಬೆಳಕನ್ನು ಮಾತ್ರ ನಾನು ಎತ್ತರವಾಯಿತು ಅನ್ನಲಿಲ್ಲ.